ಇಂಟರ್ವೆಲ್ಲಿನಲ್ಲಿ ಎದ್ದು ಹೋದ ಕಪ್ತಾನ

"ಈ ಸಲ ನನ್ನ ಬಾಯಿಂದ ಒಂದಕ್ಷರ ಹೊರಗೆ ಬೀಳಲ್ಲ, ನೋಡ್ತಿರು," ಎಂದ ಬೆರೆಂಡ್.

"ಹೋದ ಸಲ ಬಿದ್ದದ್ದನ್ನೇ ನಾನಿನ್ನೂ ಗುಡಿಸ್ತಾ ಇದೀನಿ," ಎಂದಳು ಅವನ ಹೆಂಡತಿ ಹೆಸ್ಟರ್.

ಗುರುವಾರ ಬೆಳಗಿನ ತಿಂಡಿಯ ಹೊತ್ತು. ಬೆರೆಂಡ್ ಬ್ರೆಡ್ಡಿಗೆ ಬೆಣ್ಣೆ ಬಳಿದು ಅದರ ಮೇಲೆ ಚಾಕೊಲೇಟ್ ಕಾಳು ಉದುರಿಸಿಕೊಳ್ಳುತ್ತಿದ್ದ. ಐವತ್ತು ದಾಟಿದ ಗಂಡಸು. ಡೆವೆಂಟರ್ ಊರಿನ ಕಾಲುವೆಗಳ ನೀರಿನ ಮಟ್ಟ ನೋಡಿಕೊಳ್ಳುವ ಕಚೇರಿಯಲ್ಲಿ ಕೆಲಸ. ನದಿ ಉಕ್ಕಿ ಬಂದರೂ ದನಿ ಏರಿಸದ ಮನುಷ್ಯ ಎಂದು ಕಚೇರಿಯಲ್ಲಿ ಹೆಸರು. 'ಉಲ್ಕಾಪಥ'ದ ಮಾತು ಬಂದಾಗ ಮಾತ್ರ ಆ ಒಡ್ಡು ಒಡೆಯುತ್ತಿತ್ತು.

'ಉಲ್ಕಾಪಥ' ಎಂದರೆ ನಕ್ಷತ್ರಗಳ ನಡುವೆ ಹಡಗು ಓಡಿಸುವ ಕಪ್ತಾನ್ ಹಾಲ್ವರ್ ಎಂಬವನ ಸಾಹಸದ ಸಿನಿಮಾಗಳ ಸಾಲು. ಮೊದಲನೆಯದನ್ನು ನೋಡಿದಾಗ ಬೆರೆಂಡನಿಗೆ ಮೀಸೆ ಬಂದಿರಲಿಲ್ಲ. ಈಗ ಬಂದ ಮೀಸೆ ನರೆತೂ ಆಗಿದೆ. ಊರಿನ ಅಭಿಮಾನಿ ಸಂಘಕ್ಕೆ ಅವನೇ ಅಧ್ಯಕ್ಷ. ಚುನಾವಣೆ ನಡೆದದ್ದು ಯಾರಿಗೂ ನೆನಪಿಲ್ಲ.

ಅಂದು ಆ ಸಾಲಿನ ಹೊಸ ಸಿನಿಮಾ ಬಿಡುಗಡೆ. ಬೆರೆಂಡ್ ಮತ್ತು ಅವನ ಸಂಘ ಹೊರಟಿದ್ದು ಮಧ್ಯಾಹ್ನದ ಆಟಕ್ಕೆ. ಕಥೆ ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಹೋಗುತ್ತದೆ: ಹಾಲ್ವರ್ ಕಪ್ತಾನನಾಗುವ ಮೊದಲು ಏನಾಗಿದ್ದ ಎಂಬುದೇ ಕಥೆ. ಅಂದೇ ಸಂಜೆ ಹೆಸ್ಟರಳ ತಾಯಿ ಆಲಿದಾ ಅವರ ಎಪ್ಪತ್ತೈದನೇ ಹುಟ್ಟುಹಬ್ಬ, ಅದೂ ಇವರ ಮನೆಯಲ್ಲಿ. ಎರಡೂ ಒಂದೇ ದಿನ ಬಿದ್ದದ್ದು ದೇವರ ಪರೀಕ್ಷೆ ಎಂದೇ ಹೆಸ್ಟರ್ ತಿಳಿದಿದ್ದಳು. ಇಂಥ ಸಣ್ಣಪುಟ್ಟದಕ್ಕೂ ದೇವರು ಬಿಡುವು ಮಾಡಿಕೊಳ್ಳುತ್ತಾನೆ ಎಂಬ ನಂಬಿಕೆ ಅವಳದು.

ಆಲಿದಾ ಈ ಮನೆಯ ಹೊಸ್ತಿಲು ತುಳಿದು ಎಂಟು ವರ್ಷವಾಗಿತ್ತು. ಅದಕ್ಕೂ ಕಾರಣ 'ಉಲ್ಕಾಪಥ'ವೇ. ಅಂದು ಬೆರೆಂಡನ ಹುಟ್ಟುಹಬ್ಬ. ಕೋಣೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿ, ಎಲ್ಲರೂ ಮಡಿಲಲ್ಲಿ ಕೇಕಿನ ತಟ್ಟೆ ಇಟ್ಟುಕೊಂಡು ಕೂತಿದ್ದರು. ಆಗ ಆಲಿದಾ, ಅಳಿಯನ ಸಂತೋಷಕ್ಕೆಂದು ಒಂದು ಮಾತು ತೆಗೆದರು. "ನಿನ್ನ ಆ ಆಕಾಶದ ಸಿನಿಮಾಕ್ಕೆ ನಾನೂ ಹೋಗಿದ್ದೆ ಕಣಪ್ಪ. ಯಾಕೋ ತುಂಬಾ ಎಳೆದಿದಾರೆ ಅನ್ನಿಸ್ತು."

"ಕೊನೇವರೆಗೂ ನೋಡಿದ್ರಾ?" ಎಂದು ಕೇಳಿದ್ದ ಬೆರೆಂಡ್.

"ಇಲ್ಲ, ಇಂಟರ್ವೆಲ್ಲಿಗೆ ಎದ್ದು ಬಂದೆ. ಬಸ್ಸು ತಪ್ಪಿಹೋಗ್ತಿತ್ತು."

"ಹಾಗಾದ್ರೆ ನಿಮಗೆ ಈ ವಿಷಯದಲ್ಲಿ ಮಾತಾಡೋ ಹಕ್ಕಿಲ್ಲ, ಅತ್ತೆ. ಕೊನೇವರೆಗೂ ನೋಡದವರಿಗೆ ಈ ಮನೇಲಿ ಮಾತಿಲ್ಲ."

ಆಮೇಲೆ ಹಕ್ಕಿರುವವನು ಮುಕ್ಕಾಲು ಗಂಟೆ ಮಾತಾಡಿದ. ಕಾಫಿ ಆರಿತು. ಆಲಿದಾ ತಮ್ಮ ಕೋಟು ಕೇಳಿ ತೊಟ್ಟುಕೊಂಡು ಹೋದರು. ಆಮೇಲೆ ಮಗಳೇ ತಾಯಿಯ ಮನೆಗೆ ಹೋಗಿ ಬರುತ್ತಿದ್ದಳು. ಪ್ರತಿ ಭಾನುವಾರ ಚರ್ಚಿನಿಂದ ಹೊರಬರುವಾಗ ಹೆಸ್ಟರ್ "ಮನೆಗೆ ಬಾಮ್ಮ" ಎನ್ನುವುದು, ಆಲಿದಾ "ನೋಡೋಣ" ಎನ್ನುವುದು. ಈ ಚಳಿಗಾಲದಲ್ಲಿ ಒಂದು ಭಾನುವಾರ ಆಲಿದಾ "ನನ್ನ ಹುಟ್ಟುಹಬ್ಬ ನಿಮ್ಮನೇಲೇ ಮಾಡೋಣ" ಎಂದುಬಿಟ್ಟರು. ಹೆಸ್ಟರ್ ಮನೆಗೆ ಬಂದು ಒಂದು ಗಳಿಗೆ ಅತ್ತು, ಆಮೇಲೆ ಕಿಟಕಿಗಳನ್ನೆಲ್ಲ ತೊಳೆದಿದ್ದಳು.

"ಅಮ್ಮ ಬಂದಾಗ ಆ ಸಿನಿಮಾದ ಸುದ್ದಿ ನೀನು ಎತ್ತೋ ಹಾಗಿಲ್ಲ," ಎಂದಳು ಹೆಸ್ಟರ್ ಈಗ. "ಬೇರೆ ಯಾರಾದ್ರೂ ಎತ್ತಿದ್ರೂ ನೀನು ಮಾತಾಡೋ ಹಾಗಿಲ್ಲ. ಮಳೆ ಬಗ್ಗೆ ಮಾತಾಡು. ನಿನಗೆ ನೀರು ಗೊತ್ತಲ್ಲ."

"ಕಲ್ಲು ಕೂತ ಹಾಗೆ ಕೂತಿರ್ತೀನಿ."

"ಸಿನಿಮಾ ಮುಗಿಸಿ ಬರುವಾಗ ಬೇಕರಿಯಿಂದ ಕೇಕ್ ತಗೊಂಡು ಬಾ. ಹೆಸರು ಹೇಳಿದ್ರೆ ಕೊಡ್ತಾರೆ. ಆ ನಿಲುವಂಗಿ ಹಾಕ್ಕೊಂಡು ಬೇಕರಿಗೆ ಹೋಗ್ಬೇಡ."

ನಿಲುವಂಗಿ ಎಂದರೆ ಕಪ್ತಾನ್ ಹಾಲ್ವರನದು. ಹೆಸ್ಟರಳೇ ಮಲಗುವ ಕೋಣೆಯ ಹಳೇ ಪರದೆಯಿಂದ ಹೊಲಿದುಕೊಟ್ಟದ್ದು. ಒಳಮಗ್ಗುಲಲ್ಲಿ ಈಗಲೂ ಟ್ಯುಲಿಪ್ ಹೂಗಳಿವೆ.

ಹೆಂಡತಿಗೆ ಕೊಟ್ಟ ಮಾತಿನ ಜೊತೆ ಬೆರೆಂಡ್ ಇನ್ನೊಂದು ಕಡೆಯೂ ಮಾತು ಕೊಟ್ಟಿದ್ದ. ಹೊಸ ಸಿನಿಮಾದ ಜಾಹೀರಾತಿನಲ್ಲಿ ಒಂದು ಕ್ಷಣ, ಹಡಗಿನ ಮೂಲೆಯಲ್ಲಿ, ಉಣ್ಣೆಯ ದಿಂಬಿನಂಥ ಒಂದು ದುಂಡು ಪ್ರಾಣಿ ಕಣ್ಣು ಪಿಳುಕಿಸಿತ್ತು. ಅದರ ಹೆಸರು ಪುಮ್ ಅಂತೆ. ಅಭಿಮಾನಿಗಳ ಲೋಕ ಅಲ್ಲೋಲಕಲ್ಲೋಲವಾಯಿತು. ಏಕೆಂದರೆ ಮೊಟ್ಟಮೊದಲ ಸಿನಿಮಾದಲ್ಲಿ ಕಪ್ತಾನ್ ಹಾಲ್ವರ್ ಕಿಟಕಿಯಾಚೆ ಕತ್ತಲನ್ನು ನೋಡುತ್ತ ಹೇಳುತ್ತಾನೆ: "ಈ ಹಡಗಿನಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ. ಯಾವತ್ತೂ." ಈ ಮಾತನ್ನು ಕಾಫಿ ಲೋಟದ ಮೇಲೆ ಬರೆಸಿಕೊಂಡವರಿದ್ದಾರೆ, ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡವರಿದ್ದಾರೆ. ಯಾರೂ ಇರಲಿಲ್ಲ ಎಂದಮೇಲೆ ಈ ದಿಂಬು ಎಲ್ಲಿಂದ ಬಂತು?

ಡೆವೆಂಟರ್ ಸಂಘ ತುರ್ತು ಸಭೆ ಸೇರಿ ಶಪಥ ಮಾಡಿತು: ಪುಮ್ ಹಡಗಿನೊಳಗೆ ಕಾಲಿಟ್ಟರೆ ಇಂಟರ್ವೆಲ್ಲಿನಲ್ಲಿ ಎಲ್ಲರೂ ಎದ್ದು ಹೊರನಡೆಯುವುದು. ಸಿನಿಮಾ ಓಡುತ್ತಿರುವಾಗಲೇ ಏಳುವುದು ಬೇಡ, ಬೇರೆಯವರ ಕಾಲು ತುಳಿಯಬೇಕಾಗುತ್ತದೆ ಎಂದು ಕಾರ್ಯದರ್ಶಿ ಯೋಸ್ಟ್ ಸೂಚಿಸಿದ. ಪ್ರತಿಭಟನೆಗೂ ಒಂದು ಮರ್ಯಾದೆ ಬೇಕೆಂದು ಎಲ್ಲರೂ ಒಪ್ಪಿದರು.

ಆ ಮಧ್ಯಾಹ್ನ ಪುಮ್ ಕಾಲಿಟ್ಟಿತು. ಕಾಲಿಟ್ಟದ್ದಷ್ಟೇ ಅಲ್ಲ, ಹಾಲ್ವರನ ಊಟ ತಿಂದಿತು, ಅವನ ಹಾಸಿಗೆಯಲ್ಲಿ ಮಲಗಿತು, ಗೊರಕೆ ಹೊಡೆಯಿತು. ಹಿಂದಿನ ಸಾಲಿನ ಹೆಂಗಸೊಬ್ಬಳು "ಅಯ್ಯೋ, ಮುದ್ದೂ" ಎಂದಳು. ಬೆರೆಂಡನ ಕಿವಿಯಿಂದ ಹೊಗೆ ಬಂದದ್ದು ಕತ್ತಲಲ್ಲಿ ಕಾಣಲಿಲ್ಲ. ನಿಲುವಂಗಿಯ ಜೊತೆಗೆಂದು ತಲೆಗೆ ಹಾಕಿಕೊಂಡಿದ್ದ ಕಪ್ತಾನನ ಶಿರಸ್ತ್ರಾಣದ ಬಿಸಿ ತಾಳದೆ ಅದನ್ನು ತೆಗೆದು ಕಾಲ ಬಳಿ ಇಟ್ಟ.

ದೀಪ ಹತ್ತಿತು. ಇಂಟರ್ವೆಲ್. ಬೆರೆಂಡ್ ಎದ್ದು ನಿಂತು ನಿಲುವಂಗಿ ಕೊಡವಿದ.

"ಸಂಗಾತಿಗಳೇ, ಹೊತ್ತು ಬಂತು," ಎಂದು ಹೊರಟ. ಹಿಂದಿರುಗಿ ನೋಡಲಿಲ್ಲ. ಕಪ್ತಾನ್ ಹಾಲ್ವರ್ ಯಾವತ್ತೂ ಹಿಂದಿರುಗಿ ನೋಡಿದವನಲ್ಲ. ಕಾಫಿಗೆ ಸಾಲು ನಿಂತವರ ನಡುವೆ ಸೀಳಿಕೊಂಡು, ಮೆಟ್ಟಿಲಿಳಿದು, ನದಿಯ ದಡದಲ್ಲಿ ಸೈಕಲ್ಲುಗಳು ನಿಂತ ಜಾಗಕ್ಕೆ ಬಂದ. ಗಾಳಿಗೆ ನಿಲುವಂಗಿ ಹಾಯಿಯಂತೆ ಉಬ್ಬಿತು. ಅಲ್ಲೇ ನಿಂತು ಫೋನು ತೆಗೆದು, ದೇಶದ ಅಭಿಮಾನಿಗಳೆಲ್ಲ ಓದುವ ಪುಟದಲ್ಲಿ ಬರೆದ: "ಡೆವೆಂಟರ್ ಸಂಘ ಒಂದೇ ದೇಹದಂತೆ ಹೊರನಡೆಯಿತು. ಈ ಸಿನಿಮಾ ನಮ್ಮ ಪಾಲಿಗೆ ಇಲ್ಲ." ಬರೆದು ಮುಗಿಸಿ ಆ ದೇಹದ ಕಡೆ ತಿರುಗಿದ.

ಒಂದು ಬಾತುಕೋಳಿ ಇತ್ತು.

ಶೌಚಾಲಯದ ಸಾಲಿನಲ್ಲಿ ಸಿಕ್ಕಿಬಿದ್ದಿರಬೇಕು ಎಂದುಕೊಂಡು ಕಾದ. ಬಾತುಕೋಳಿಯೂ ಕಾದಿತು. ಕೊನೆಗೆ ಚಿತ್ರಮಂದಿರದ ಗಾಜಿನ ಗೋಡೆಯಾಚೆ ಕಾರ್ಯದರ್ಶಿ ಯೋಸ್ಟ್ ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಬಿಸ್ಕತ್ತು ಹಿಡಿದು ಒಳಗೆ ಹೋಗುವುದು ಕಾಣಿಸಿತು. ಅವನ ಹಿಂದೆ ಇಡೀ ಸಂಘ. ಫೋನು ಗುಂಯ್‌ಗುಟ್ಟಿತು. ಯೋಸ್ಟ್ ಬರೆದಿದ್ದ: "ಅಧ್ಯಕ್ಷರೇ, ಟಿಕೆಟ್ಟಿಗೆ ಕೊಟ್ಟಾಗಿದೆ. ಉಳಿದರ್ಧ ನೋಡಿಕೊಂಡೇ ಪ್ರತಿಭಟಿಸುತ್ತೇವೆ."

ಒಳಗೆ ಹೋಗಬಹುದಿತ್ತು. ಕೈಯಲ್ಲಿ ಟಿಕೆಟ್ಟು ಇತ್ತು. ಆದರೆ ಅಷ್ಟರಲ್ಲಿ ದೇಶದ ನಾಲ್ಕೂ ಮೂಲೆಯಿಂದ ಜನ "ಭಲೇ ಡೆವೆಂಟರ್" ಎಂದು ಬರೆಯತೊಡಗಿದ್ದರು. ಇನ್ನು ಹೋಗಿ ಬಿಸ್ಕತ್ತು ತಿನ್ನುವುದಕ್ಕಾಗುತ್ತದೆಯೇ? ಬೆರೆಂಡ್ ಸೈಕಲ್ ಹತ್ತಿದ.

ಬೇಕರಿಗೆ ನಿಲುವಂಗಿಯಲ್ಲೇ ಹೋದ. ತೆಗೆಯಬೇಕೆಂಬುದು ಮರೆತೇ ಹೋಗಿತ್ತು. ಕೆನೆಯ ಕೇಕು, ಮೇಲೆ ಸ್ಟ್ರಾಬೆರಿ ಹಣ್ಣು, ನಡುವೆ ಚಾಕೊಲೇಟಿನಲ್ಲಿ ಎಪ್ಪತ್ತೈದು ಎಂಬ ಅಂಕಿ. ಡಬ್ಬವನ್ನು ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿಟ್ಟು ಎದುರುಗಾಳಿಗೆ ತುಳಿದ. ಸೇತುವೆ ಇಳಿಯುವಾಗ ಗಾಳಿ ದಿಕ್ಕು ಬದಲಿಸಿತು. ನಿಲುವಂಗಿ ಹಿಂದಿನಿಂದ ಬಂದು ಅವನ ಮುಖ ಮುಚ್ಚಿತು. ಟ್ಯುಲಿಪ್ ಹೂಗಳಲ್ಲದೆ ಬೇರೇನೂ ಕಾಣದಾಯಿತು. ಅದನ್ನು ಕಿತ್ತು ಎಸೆದದ್ದೇ ತಡ, ತುದಿ ಹೋಗಿ ಚೈನಿಗೆ ಸಿಕ್ಕಿಕೊಂಡಿತು. ನಕ್ಷತ್ರಗಳ ನಡುವೆ ಹಡಗು ತಿರುಗಿಸಬಲ್ಲ ಕಪ್ತಾನ ಹುಲ್ಲಿನ ಮೇಲೆ ಅಂಗಾತ ಬಿದ್ದ. ಕೇಕಿನ ಡಬ್ಬ ಅವನ ಎದೆಯ ಮೇಲೆ ಬಂದು ಕೂತಿತು, ತಲೆಕೆಳಗಾಗಿ.

"ಇದೇನು, ಇಷ್ಟು ಬೇಗ ಬಂದೆ?" ಎಂದಳು ಹೆಸ್ಟರ್ ಬಾಗಿಲಲ್ಲಿ.

"ಚಿಕ್ಕ ಸಿನಿಮಾ."

"ಮೂರು ಗಂಟೆಯ ಸಿನಿಮಾ ಅಂತ ನೀನೇ ಅಂದಿದ್ದೆ."

"ಚಿಕ್ಕದು ಮಾಡಿದಾರೆ."

ಹೆಸ್ಟರ್ ಡಬ್ಬ ತೆರೆದಳು. ಮುಚ್ಚಿದಳು. ಇನ್ನೊಮ್ಮೆ ತೆರೆದಳು. ಏಳು ಎಂಬ ಅಂಕಿ ಮುಚ್ಚಳಕ್ಕೆ ಅಂಟಿತ್ತು. ಕೇಕಿನ ಮೇಲೆ ಐದು ಮಾತ್ರ ಉಳಿದಿತ್ತು.

"ಬೆರೆಂಡ್, ನನಗೆ ಈ ಸಂಜೆ ಒಂದು ಸರಿಯಾಗಿ ಆದ್ರೆ ಸಾಕು. ಕೇಕ್ ಹೋಗ್ಲಿ ಬಿಡು," ಎಂದಳು ಮೆಲ್ಲಗೆ. "ಅಮ್ಮ ಕೂರ್ಬೇಕು, ಕಾಫಿ ಕುಡೀಬೇಕು, ಎದ್ದು ಹೋಗ್ಬಾರ್ದು. ಅಷ್ಟೇ." ಬೈದಿದ್ದರೆ ಬೆರೆಂಡನಿಗೆ ಹಗುರಾಗುತ್ತಿತ್ತು.

ಸಂಜೆ ಕುರ್ಚಿಗಳು ದುಂಡಗೆ ಬಂದವು. ಹೆಸ್ಟರಳ ಅಣ್ಣ ಕೂನ್ರಾಡ್ ಮತ್ತು ಅವನ ಹೆಂಡತಿ, ಪಕ್ಕದ ಮನೆಯವರು, ಆಲಿದಾ ಅವರ ಚರ್ಚಿನ ಕಾಫಿ ಬಳಗದ ಮೂವರು ಗೆಳತಿಯರು. ಬಂದವರೆಲ್ಲ ಪದ್ಧತಿಯಂತೆ ಸುತ್ತು ಹೋಗಿ ಒಬ್ಬೊಬ್ಬರ ಕೈ ಕುಲುಕಿ, ನಿಮ್ಮ ತಾಯಿಗೆ ಅಭಿನಂದನೆ, ನಿಮ್ಮ ಅತ್ತೆಗೆ ಅಭಿನಂದನೆ, ನಿಮ್ಮ ನೆರೆಯವರ ಅತ್ತೆಗೆ ಅಭಿನಂದನೆ ಎಂದು ಮುಗಿಸಿಯೇ ಕೂತರು. ನಡುವಿನ ಕುರ್ಚಿಯಲ್ಲಿ ಆಲಿದಾ, ತೊಡೆಯ ಮೇಲೆ ಕೈಚೀಲ. ಕೇಕ್ ನೋಡಿ ಹೇಳಿದರು, "ಐದು ವರ್ಷ ಅಂತ ಬರೆದಿದೀರಿ. ಒಳ್ಳೇದಾಯ್ತು. ನನಗೂ ಎಪ್ಪತ್ತು ಜಾಸ್ತಿ ಅನ್ನಿಸ್ತಿತ್ತು."

ಎಲ್ಲರೂ ನಕ್ಕರು. ಹೆಸ್ಟರಳ ಹೆಗಲು ಒಂದು ಅಂಗುಲ ಇಳಿಯಿತು.

ಆಲಿದಾ ಅಳಿಯನ ಕಡೆ ತಿರುಗಿದರು. "ಬೆರೆಂಡ್, ಇವತ್ತು ಸಿನಿಮಾಕ್ಕೆ ಹೋಗಿದ್ಯಂತೆ?"

"ಮಳೆ ಈ ವಾರ ಕಡಿಮೆ, ಅತ್ತೆ," ಎಂದ ಬೆರೆಂಡ್.

"ನಾವೂ ಹೋಗಿದ್ವಿ. ಬೆಳಗಿನ ಆಟಕ್ಕೆ. ವಯಸ್ಸಾದವರಿಗೆ ಕಾಫಿ ಕೊಟ್ಟು ತೋರಿಸ್ತಾರಲ್ಲ, ಅದಕ್ಕೆ."

"ಆದ್ರೆ ನದಿ ಮೇಲ್ಗಡೆ ಹಿಮ ಕರಗ್ತಾ ಇದೆ."

ಆಲಿದಾ ಅವನನ್ನೇ ನೋಡಿದರು. "ಈ ಚಳಿಗಾಲ ಪೂರ್ತಿ ಕೂತು ನಿನ್ನ ಆ ಸಿನಿಮಾಗಳನ್ನೆಲ್ಲ ನೋಡ್ದೆ ಕಣಪ್ಪ. ಮೊದಲನೇದರಿಂದ. ಒಂದನ್ನೂ ಬಿಡ್ಲಿಲ್ಲ. ಇವತ್ತು ಬಂದು ನಿನ್ನ ಹತ್ರ ಮಾತಾಡ್ಬೇಕು ಅಂತಲೇ."

ಬೆರೆಂಡ್ ಕೇಕಿನ ಚಮಚ ಕೆಳಗಿಟ್ಟ. ಇದು ಹೆಂಡತಿ ಒಡ್ಡಿದ ಪರೀಕ್ಷೆಯೇ ಇರಬೇಕೆಂದು ಅವನಿಗೆ ಅನುಮಾನ. ಹೆಸ್ಟರಳ ಕಡೆ ನೋಡಿದ. ಅವಳ ಕಣ್ಣು ಅಗಲವಾಗಿದ್ದವು. ಕೋಪಕ್ಕೋ ಬೆರಗಿಗೋ ತಿಳಿಯಲಿಲ್ಲ. "ಹಿಮ ಕರಗಿದ್ರೆ ಕಾಲುವೆ ಬಾಗಿಲು ತೆಗೀಬೇಕಾಗುತ್ತೆ," ಎಂದ.

ಆಲಿದಾ ತಟ್ಟೆಯನ್ನು ಪಕ್ಕಕ್ಕಿಟ್ಟರು. "ಸರಿ," ಎಂದರು. "ಹೋದ ಸಲ ನನಗೆ ಹಕ್ಕಿರಲಿಲ್ಲ. ಈ ಸಲ ಬಹುಶಃ ಯೋಗ್ಯತೆ ಇಲ್ಲ."

"ಬೆರೆಂಡ್, ಮಾತಾಡು," ಎಂದಳು ಹೆಸ್ಟರ್. "ದೇವರಾಣೆ ಮಾತಾಡು. ಆ ಸಿನಿಮಾದ ಬಗ್ಗೆನೇ ಮಾತಾಡು."

ಮೂವತ್ತು ವರ್ಷದಲ್ಲಿ ಈ ಮಾತನ್ನು ಅವಳ ಬಾಯಿಂದ ಅವನು ಕೇಳಿರಲಿಲ್ಲ. ಕೇಳಿದ್ದು ಇಂಥ ದಿನ, ಹೇಳುವುದಕ್ಕೆ ಅರ್ಧವೇ ಇರುವಾಗ.

"ಚೆನ್ನಾಗಿರ್ಲಿಲ್ಲ, ಅತ್ತೆ," ಎಂದ.

"ಅಂತ್ಯವೂ?"

"ಅಂತ್ಯ ಅಂತೂ ಬಹಳ ಸಪ್ಪೆ."

ಕಾಫಿ ಬಳಗದ ತ್ರೂಸಜ್ಜಿ ಕರವಸ್ತ್ರ ತೆಗೆದರು. "ಸಪ್ಪೆಯಾ? ನಾನು ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ ಕಣಪ್ಪ."

"ಪುಮ್‌ಗೆ ಕೊನೇಲಿ ಹಾಗಾಯ್ತಲ್ಲ, ಅದನ್ನ ಕೇಳ್ಬೇಕಿತ್ತು ನಿನ್ನ," ಎಂದರು ಆಲಿದಾ.

ಇನ್ನೇನಾಗಿರುತ್ತದೆ, ಎಂದು ಬೆರೆಂಡ್ ಲೆಕ್ಕ ಹಾಕಿದ. ಮುದ್ದು ಪ್ರಾಣಿ, ಅಳುವ ಜನ. "ಪಾಪ, ಸಾಯಲೇಬೇಕಿತ್ತು, ಸತ್ತಿತು," ಎಂದ.

ತ್ರೂಸಜ್ಜಿ ಕರವಸ್ತ್ರವನ್ನು ಕಣ್ಣಿನಿಂದ ಇಳಿಸಿ ಅವನನ್ನೇ ನೋಡಿದರು.

"ಸತ್ತಿತಾ?" ಎಂದರು ಆಲಿದಾ.

ಬಾಗಿಲ ಗಂಟೆ ಸದ್ದಾಯಿತು. ದೇವರು ದೊಡ್ಡವನು ಎಂದುಕೊಂಡು ಬೆರೆಂಡ್ ಓಡಿದ. ಬಾಗಿಲು ತೆರೆದರೆ ಯೋಸ್ಟ್. ಅತ್ತು ಅತ್ತು ಕಣ್ಣು ಟೊಮೇಟೊ ಆಗಿದ್ದವು. ಕಂಕುಳಲ್ಲಿ ಬೆರೆಂಡನ ಶಿರಸ್ತ್ರಾಣ.

"ಇಲ್ಲೇ ಕೊಡು, ಹೊರಡು," ಎಂದ ಬೆರೆಂಡ್ ಪಿಸುದನಿಯಲ್ಲಿ.

"ಹುಟ್ಟುಹಬ್ಬದ ಮನೆಗೆ ಬಂದು ಕೈ ಕುಲುಕದೆ ಹೋಗೋದಾ, ಅಧ್ಯಕ್ಷರೇ? ನಮ್ಮಮ್ಮ ನನ್ನ ಹಾಗೆ ಬೆಳೆಸಿಲ್ಲ," ಎಂದು ಯೋಸ್ಟ್ ಒಳಗೆ ಬಂದೇಬಿಟ್ಟ.

ಸುತ್ತು ಶುರುವಾಯಿತು. ಆಲಿದಾ ಅವರಿಗೆ ಅಭಿನಂದನೆ. ಹೆಸ್ಟರಳಿಗೆ, ತಾಯಿಯ ಹುಟ್ಟುಹಬ್ಬಕ್ಕೆ ಅಭಿನಂದನೆ. ಕೂನ್ರಾಡನಿಗೆ ಅಭಿನಂದನೆ. ಬೆರೆಂಡ್ ಹಿಂದೆ ಹಿಂದೆಯೇ ಹೋಗಿ ಶಿರಸ್ತ್ರಾಣಕ್ಕೆ ಕೈ ಹಾಕಿದ. ಯೋಸ್ಟ್ ಅದನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಪಕ್ಕದ ಮನೆಯವರ ಕೈ ಕುಲುಕಿದ. ತ್ರೂಸಜ್ಜಿಯ ಕೈ ಹಿಡಿದಾಗ ಇಬ್ಬರ ಕಣ್ಣೂ ಒದ್ದೆಯಾದವು. ಯಾವ ಸಿನಿಮಾ ಎಂದು ಅವರು ಪರಸ್ಪರ ಕೇಳಿಕೊಳ್ಳಬೇಕಾಗಲಿಲ್ಲ. ಕಟ್ಟಕಡೆಗೆ ಯೋಸ್ಟ್ ಅಧ್ಯಕ್ಷನ ಕೈಯನ್ನೂ ಕುಲುಕಿ, ಅತ್ತೆಗೆ ಅಭಿನಂದನೆ ಹೇಳಿ, ಶಿರಸ್ತ್ರಾಣವನ್ನು ಕೇಕಿನ ಪಕ್ಕದಲ್ಲಿಟ್ಟ.

"ತಗೊಳ್ಳಿ. ಇಂಟರ್ವೆಲ್ಲಿನಲ್ಲಿ ಎದ್ದು ಹೋದ್ರಲ್ಲ, ಸೀಟಿನ ಕೆಳಗೇ ಬಿಟ್ಟಿದ್ರಿ. ಅಧ್ಯಕ್ಷರೇ, ನೀವು ಇರ್ಬೇಕಿತ್ತು. ಆ ಎರಡನೇ ಅರ್ಧ ಇದೆಯಲ್ಲ..." ಎಂದವನು ಮುಂದೆ ಹೇಳಲಾಗದೆ ಕರವಸ್ತ್ರ ಹುಡುಕತೊಡಗಿದ.

ಎಲ್ಲರೂ ಬೆರೆಂಡನನ್ನು ನೋಡಿದರು. ಬೆರೆಂಡ್ ಶಿರಸ್ತ್ರಾಣವನ್ನು ನೋಡಿದ. ಅದನ್ನು ಹಾಕಿಕೊಂಡರೆ ಮುಖವಾದರೂ ಮುಚ್ಚುತ್ತಿತ್ತು.

"ಇಂಟರ್ವೆಲ್ಲಿಗೆ ಎದ್ದು ಬಂದ್ಯಾ?" ಎಂದರು ಆಲಿದಾ.

"ಹೌದು, ಅತ್ತೆ."

"ಬಸ್ಸು ತಪ್ಪಿಹೋಗ್ತಿತ್ತಾ?"

"ಇಲ್ಲ, ಅತ್ತೆ. ಸೈಕಲ್ಲಿತ್ತು."

"ಹಾಗಾದ್ರೆ ನಿನಗೆ ಈ ವಿಷಯದಲ್ಲಿ ಮಾತಾಡೋ ಹಕ್ಕಿಲ್ಲ," ಎಂದರು ಆಲಿದಾ ನಿಧಾನವಾಗಿ, ಎಂಟು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಒಂದೊಂದಾಗಿ ಹೊರಗಿಡುವಂತೆ. "ಕೊನೇವರೆಗೂ ನೋಡದವರಿಗೆ ಈ ಮನೇಲಿ ಮಾತಿಲ್ಲ."

ಹೇಳಿ ಕೈಚೀಲ ಎತ್ತಿಕೊಂಡರು. ಹೆಸ್ಟರ್ ಬಿಳಿಚಿಕೊಂಡು, ಕೋಟು ಕೇಳುತ್ತಾರೆಂದು ಅರ್ಧ ಎದ್ದಳು. ಬೆರೆಂಡ್ ಅವಳಿಗಿಂತ ಮೊದಲೇ ಎದ್ದಿದ್ದ.

"ಅತ್ತೆ, ಹೋಗ್ಬೇಡಿ," ಎಂದ. "ಅವತ್ತು ನಾನು ಹಾಗೆ ಅಂದಿದ್ದು ತಪ್ಪು. ಇವತ್ತು ಸುಳ್ಳು ಹೇಳಿದ್ದೂ ತಪ್ಪು. ಕೇಕ್ ಬೀಳಿಸಿದ್ದೂ ನಾನೇ."

"ಕೇಕ್ ಬೀಳಿಸಿದ್ದು ನೋಡಿದ್ರೇ ಗೊತ್ತಾಗುತ್ತೆ. ಎಲ್ಲಿಗೆ ಹೋಗ್ಲಿ ನಾನು? ಎರಡನೇ ಕಾಫಿ ಇನ್ನೂ ಬಂದಿಲ್ಲ," ಎಂದರು ಆಲಿದಾ. ಚೀಲ ತೆರೆದು, ಕನ್ನಡಕದ ಡಬ್ಬಿ, ಪ್ರಾರ್ಥನೆಯ ಪುಸ್ತಕ ಸರಿಸಿ, ಎರಡು ಟಿಕೆಟ್ಟು ತೆಗೆದರು. "ಶನಿವಾರ ಮಧ್ಯಾಹ್ನದ್ದು. ಬೆಳಿಗ್ಗೆ ಬರುವಾಗಲೇ ತಗೊಂಡಿದ್ದೆ. ನಿನ್ನ ಜೊತೆ ಇನ್ನೊಂದ್ಸಲ ನೋಡೋಣ, ಅರ್ಥವಾಗದ್ದನ್ನ ನೀನು ವಿವರಿಸ್ತೀಯ ಅಂತ. ಈಗ ನೋಡಿದ್ರೆ ನಾನೇ ವಿವರಿಸ್ಬೇಕು."

ಹೆಸ್ಟರ್ ಕಾಫಿ ತರಲು ಅಡುಗೆಮನೆಗೆ ಹೋದಳು. ಅಲ್ಲಿ ಸ್ವಲ್ಪ ಹೊತ್ತು ನೀರಿನ ನಲ್ಲಿ ಸುಮ್ಮನೆ ಹರಿಯಿತು.

ಶನಿವಾರ ಆಲಿದಾ ಅಳಿಯನನ್ನು ಸಾಲಿನ ಒಳತುದಿಗೆ, ಗೋಡೆಯ ಪಕ್ಕಕ್ಕೆ ಕೂರಿಸಿದರು. ತಾವು ಹಾದಿಯ ಕಡೆ ಕೂತರು. ಇಂಟರ್ವೆಲ್ಲಿನ ದೀಪ ಹತ್ತಿದಾಗ ಬೆರೆಂಡನ ಮಂಡಿ ತಾನೇ ತಾನಾಗಿ ಎದ್ದಿತು. ಅದರ ಮೇಲೆ ಕೈಚೀಲ ಬಂದು ಕೂತಿತು.

"ಕಾಫಿ ಬೇಕಾದ್ರೆ ಫ್ಲಾಸ್ಕಿನಲ್ಲಿದೆ," ಎಂದರು ಆಲಿದಾ.

ದೀಪ ಆರುವ ಮುಂಚೆ, ಚರ್ಚಿನಲ್ಲಿ ಪಾದ್ರಿಗಳ ಉಪದೇಶ ಶುರುವಾಗುವ ಹೊತ್ತಿಗೆ ಕೊಡುವ ಹಾಗೆ, ಅವನ ಅಂಗೈಗೆ ಒಂದು ಪೆಪ್ಪರ್‌ಮಿಂಟ್ ಇಟ್ಟರು. "ಕಚ್ಚಬೇಡ. ಕೊನೇವರೆಗೂ ಬರ್ಬೇಕು."

ಎರಡನೇ ಅರ್ಧದಲ್ಲಿ ಪುಮ್ ಸಾಯಲಿಲ್ಲ. ಶತ್ರುಗಳು ಅದನ್ನು ಹುಡುಕಿ ಬಂದರು. ಹಿಡಿದವರ ನೆನಪನ್ನೇ ಕಿತ್ತು ಓದಬಲ್ಲ ಶತ್ರುಗಳು ಅವರು. ಆಗ ಹಾಲ್ವರ್ ಪುಮ್ ಅನ್ನು ದೂರದ ಒಂದು ಹಸಿರು ಲೋಕದಲ್ಲಿ ಬಿಟ್ಟು ಬಂದು, ತನ್ನ ತಲೆಯಿಂದ ಅದರ ನೆನಪನ್ನು ತಾನೇ ಅಳಿಸಿಕೊಂಡ. ಖಾಲಿ ಹಾಸಿಗೆಯ ಮೇಲೆ ಉಣ್ಣೆಯ ಒಂದು ಎಳೆ ಬಿದ್ದಿತ್ತು. ಅವನು ಅದನ್ನು ಎತ್ತಿ, ಏನೆಂದು ತಿಳಿಯದೆ, ಊದಿಬಿಟ್ಟ. ಆಮೇಲೆ ಕಿಟಕಿಯಾಚೆ ಕತ್ತಲನ್ನು ನೋಡುತ್ತ ಹೇಳಿದ: "ಈ ಹಡಗಿನಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ. ಯಾವತ್ತೂ."

ದೀಪ ಹತ್ತಿತು. ಜನ ಎದ್ದು ಹೋಗುತ್ತಿದ್ದರು. ಆಲಿದಾ ಕೈಚೀಲ ಮುಚ್ಚಿ, ಅಳಿಯನ ಕಡೆ ಪೂರ್ತಿ ತಿರುಗಿ ಕೂತರು.

"ಈಗ ನಿನಗೆ ಹಕ್ಕು ಬಂತು," ಎಂದರು. "ಹೇಳು, ಕೇಳ್ತೀನಿ. ನನಗೆ ಯಾವ ಬಸ್ಸೂ ಇಲ್ಲ."

ಡೆವೆಂಟರ್ ಸಂಘದ ಅಧ್ಯಕ್ಷ ಬಾಯಿ ತೆರೆದ. ಮುಚ್ಚಿದ. ಮೂಗು ಒರೆಸಿಕೊಂಡ. ಇನ್ನೊಮ್ಮೆ ತೆರೆದ.

"ಇನ್ನೊಂದು ಪೆಪ್ಪರ್‌ಮಿಂಟ್ ಇದೆಯಾ, ಅಮ್ಮ?" ಎಂದ.